ಹನಿ ಬೀಳದ ದಿನ ಬಂದ ಹಳ್ಳ

ಹುಮನಾಬಾದಿನ ಕಚೇರಿಯೊಂದರ ಅಂಗಳದಲ್ಲಿ ಮಳೆ ಅಳೆಯುವುದು ಎಷ್ಟೋ ವರ್ಷ ನನ್ನ ಕೆಲಸವಾಗಿತ್ತು. ದಿನಾ ಮುಂಜಾನೆ ಎಂಟೂವರೆಗೆ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಎಷ್ಟು ಮಿಲಿಮೀಟರ್ ಎಂದು ಬರೆದುಕೊಳ್ಳಬೇಕು. ಅದರಿಂದ ನನಗೊಂದು ಚಟ ಅಂಟಿತು. ಯಾರಾದರೂ "ಭಾಳ ಮಳಿ ಆತು" ಎಂದರೆ ಸುಮ್ಮನಿರಲಾರೆ. ಭಾಳ ಅಂದರೆ ಎಷ್ಟು? ಹಗುರವೋ, ಸಾಧಾರಣವೋ, ಭಾರಿಯೋ? ಹಳದಿ ಎಚ್ಚರಿಕೆ ಎಂದರೆ ಗಮನವಿರಲಿ ಎಂದು, ಕಿತ್ತಳೆ ಎಂದರೆ ಸಿದ್ಧರಾಗಿರಿ ಎಂದು ಮದುವೆ ಮನೆಯ ಪಂಕ್ತಿಯಲ್ಲೂ ಪಾಠ ಮಾಡಿದವಳು ನಾನು.

ಅಕ್ಕನ ಊರು ಬಸವಕಲ್ಯಾಣದಾಚೆ, ನಾರಾಯಣಪುರದ ಹತ್ತಿರ. ಸೋಯಾ ಸುಗ್ಗಿಯಲ್ಲಿ ಒಮ್ಮೆ ಹೋಗಿದ್ದೆ. ಹೊಲದಲ್ಲಿ ಕೊಯ್ದು ಒಟ್ಟಿದ ಸೋಯಾಕ್ಕೆ ತಾಡಪತ್ರಿ ಹೊದಿಸಬೇಕಿತ್ತು. ಅಕ್ಕನಿಗೆ ಸಕ್ಕರೆ ಕಾಯಿಲೆ. ಮುಂಜಾನೆ ಇನ್ಸುಲಿನ್ ಚುಚ್ಚಿಕೊಂಡು ರೊಟ್ಟಿಗೆ ಕೂರುವವಳಿದ್ದಳು.

"ಹಳ್ಳ ದಾಟಬೇಕು. ಮಳಿ ಬರ್ತದೇನು ನೋಡು," ಎಂದಳು.

ಮೊಬೈಲ್ ತೆಗೆದೆ. ಅಕ್ಕನ ತಾಲ್ಲೂಕಿಗೆ ಯಾವ ಎಚ್ಚರಿಕೆಯೂ ಇರಲಿಲ್ಲ. "ಹಗುರ ಮಳಿ, ಅದೂ ಅಲ್ಲಲ್ಲಿ. ಒಂದು ತಾಸಿನ್ಯಾಗ ಬರ್ತೀವಿ, ಬಂದು ಉಣ್ಣು," ಎಂದೆ. ಸೂಜಿ ಚುಚ್ಚಿಕೊಂಡ ಮೇಲೆ ತಡಮಾಡದೆ ಉಣ್ಣಬೇಕೆಂದು ಗೊತ್ತಿದ್ದೂ ಹೇಳಿದೆ. ಅವಳು ನನ್ನ ಮಾತು ನಂಬಿ ರೊಟ್ಟಿ ಮುಚ್ಚಿಟ್ಟು ಬಂದಳು.

ಹೋಗುವಾಗ ಹಳ್ಳದಲ್ಲಿ ಪಾದ ತೋಯುವಷ್ಟು ನೀರು. ತಾಡಪತ್ರಿ ಹೊದಿಸಿ, ಅಂಚಿಗೆ ಕಲ್ಲು ಹೇರಿ ತಿರುಗಿ ಬಂದರೆ ದಾರಿಯೇ ಇಲ್ಲ. ರಾಡಿ ನೀರು ದಂಡೆಯ ಜಾಲಿ ಗಿಡಗಳನ್ನು ಅರ್ಧ ಮುಳುಗಿಸಿ ಓಡುತ್ತಿತ್ತು. ನಮ್ಮ ನೆತ್ತಿಯ ಮೇಲೆ ಬಿಸಿಲು. ಅಕ್ಕನ ಹೊಲವನ್ನು ಮೂರು ಕಡೆ ಹಳ್ಳ ಸುತ್ತಿದೆ. ನಾಲ್ಕನೆಯ ಕಡೆ ಆಡು ಮಾತ್ರ ಹತ್ತಬಲ್ಲ ಕಲ್ಲುಗುಡ್ಡ.

"ಇಲ್ಲಿ ಒಂದು ಹನಿ ಬಿದ್ದಿಲ್ಲ. ಈ ನೀರು ಎಲ್ಲಿಂದ ಬಂತು?" ಅಕ್ಕ ಕೇಳಿದಳು.

ಮೇಲೆ ಮಹಾರಾಷ್ಟ್ರದ ಕಡೆ ಸುರಿದಿರಬೇಕು. ಎಷ್ಟು ನೆಲದ ಮಳೆ ಹರಿದು ಒಂದು ಹಳ್ಳ ಸೇರುತ್ತದೋ ಅಷ್ಟೂ ಅದರ ಜಲಾನಯನ ಪ್ರದೇಶ. ಅದಕ್ಕೆ ತಾಲ್ಲೂಕಿನ ಗಡಿ ಇಲ್ಲ. ರೈತರ ಸಭೆಗಳಲ್ಲಿ ನಾನೇ ಇದನ್ನು ನೂರು ಸಲ ಹೇಳಿದ್ದೆ. ಅಂದು ನೋಡಿದ್ದು ಮಾತ್ರ ಅಕ್ಕನ ತಾಲ್ಲೂಕೊಂದನ್ನೇ. ನಾಚಿಕೆಗೆಟ್ಟವಳು, ಅಲ್ಲೇ ನಿಂತು ಅಕ್ಕನಿಗೂ ಅದೇ ಪಾಠ ಶುರುಮಾಡಿದೆ.

"ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ," ಎಂದು ನಗಲು ಹೋದಳು, ಆಗಲಿಲ್ಲ. ಕೈ ನಡುಗುತ್ತಿತ್ತು, ಕುತ್ತಿಗೆಯೆಲ್ಲ ಬೆವರು. "ಸಕ್ರಿ ಇಳಿಯಾಕತ್ತದ," ಎಂದು ಬದುವಿನ ಮೇಲೆ ಕುಸಿದಳು.

ಬಣವೆ ತುಂಬ ಸೋಯಾ ಇತ್ತು, ಅವಳ ಬಾಯಿಗೆ ಹಾಕಲು ಸಿಹಿ ಎಂಬುದು ಒಂದು ಚೂರೂ ಇರಲಿಲ್ಲ. ಮನೆಯ ಮಾಳಿಗೆ ಕಣ್ಣಿಗೆ ಕಾಣುತ್ತಿತ್ತು. ಹಳ್ಳದ ಉದ್ದಕ್ಕೂ ಅತ್ತಿಂದಿತ್ತ ಓಡಿದೆ, ಕಾಲಿಡುವ ಜಾಗ ಎಲ್ಲಿಯೂ ಸಿಗಲಿಲ್ಲ. ಮೊಬೈಲಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ; ಗಂಟಲು ಹರಿಯುವಂತೆ ಕೂಗಿದೆ.

ಆಚೆ ದಂಡೆಯಲ್ಲಿ ಎಮ್ಮೆ ಹೊಡೆದುಕೊಂಡು ಹೊರಟಿದ್ದ ಪಕ್ಕದ ಹೊಲದ ಚಾಚಾ ನಿಂತರು. ಅಕ್ಕನ ಕಾಯಿಲೆ ಅವರಿಗೆ ಗೊತ್ತಿತ್ತು. ಎಮ್ಮೆ ಬಿಟ್ಟು ಊರಿಗೆ ಓಡಿ, ಬೆಲ್ಲ ತಂದು, ಕಲ್ಲಿನ ಜೊತೆ ಬಟ್ಟೆಯಲ್ಲಿ ಗಂಟು ಕಟ್ಟಿ ಎಸೆದರು. ಮೊದಲನೆಯದು ನೀರಿಗೆ ಹೋಯಿತು. ಎರಡನೆಯದು ನನ್ನ ಕಾಲ ಬಳಿ ಬಿತ್ತು. ಚೂರು ಚೂರೇ ಅಕ್ಕನ ಬಾಯಿಗೆ ಇಟ್ಟೆ. ಬಹಳ ಹೊತ್ತಿನ ಮೇಲೆ ಅವಳ ಕೈ ನಡುಕ ನಿಂತಿತು.

"ನೀರು ಯಾವಾಗ ಇಳಿತದ್ರಿ ತಾಯಿ?" ಚಾಚಾ ಆಚೆಯಿಂದ ನನ್ನನ್ನೇ ಕೇಳಿದರು.

ಒಳಹರಿವು, ಗರಿಷ್ಠ ಹರಿವು, ಇಳಿಮುಖ ಎಲ್ಲ ಪದಗಳೂ ನಾಲಿಗೆಯ ತುದಿಗೆ ಬಂದವು. ಮೇಲೆ ಎಷ್ಟು ಬಿದ್ದಿದೆಯೋ, ಇನ್ನೂ ಬೀಳುತ್ತಿದೆಯೋ ನನಗೇನು ಗೊತ್ತು?

"ಗೊತ್ತಿಲ್ರಿ ಚಾಚಾ," ಎಂದೆ.

ಅಕ್ಕ ಬೆಲ್ಲದ ಬೆರಳು ಸೆರಗಿಗೆ ಒರೆಸಿಕೊಂಡು, "ಇದೊಂದು ಮಾತು ಮುಂಜಾನಿ ಅಂದಿದ್ರ, ಉಂಡು ಬರ್ತಿದ್ದೆ," ಎಂದಳು.