ಆರಾಮ ಕೇಳಿದ ಮೇಲೆ ಬಿಲ್ಲು

ಕೊಡಬೇಕಾದವನಿಗಿಂತ ಕೇಳಬೇಕಾದವನೇ ಹೆಚ್ಚು ನಾಚುತ್ತಾನೆ ಎಂಬುದು ಮನುಷ್ಯಕುಲದ ಬಹು ಪುರಾತನ ದೌರ್ಬಲ್ಯ. ಈ ಸತ್ಯ ನನಗೆ ಧ್ಯಾನದಲ್ಲಿ ಹೊಳೆದದ್ದಲ್ಲ. ಮೂಡಲಗಿಯ ನಮ್ಮಕ್ಕನ ಪಡಸಾಲೆಯಲ್ಲಿ, ಎಣ್ಣೆಗಾಯಿಯ ಜೊತೆ ನಾಲ್ಕನೆಯ ರೊಟ್ಟಿ ಮುರಿಯುವಾಗ ಹೊಳೆಯಿತು.

ಅಕ್ಕ ಜೋಳದ ಕಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಪಗಾರಕ್ಕೆ ಬರುವ ಮೂವರು ಹೆಣ್ಣುಮಕ್ಕಳು ಅವಳ ಜೊತೆ ಕೂತು ರೊಟ್ಟಿ ಬಡಿಯುತ್ತಾರೆ. ಗೋಕಾಕ, ಹುಕ್ಕೇರಿಯ ಮನೆಗಳಿಗೆ ವಾರಕ್ಕೊಮ್ಮೆ ಬಸ್ಸಿನಲ್ಲಿ ರೊಟ್ಟಿಯ ಗಂಟು ಹೋಗುತ್ತದೆ. ಗೋಕಾಕದ ಗಿರಾಕಿಗಳಲ್ಲಿ ನಾನೂ ಒಬ್ಬ. ತಮ್ಮನೆಂದು ಪುಕ್ಕಟೆ ಬೇಡ, ಎಲ್ಲರಂತೆ ತಿಂಗಳಿಗೆ ಕೊಡುತ್ತೇನೆ ಎಂದು ಹಟ ಹಿಡಿದು ಯಾದಿಯಲ್ಲಿ ಸೇರಿದವನು.

ಅಕ್ಕ ಯಾರನ್ನೂ ಬಾಯಿಬಿಟ್ಟು ದುಡ್ಡು ಕೇಳಿದವಳಲ್ಲ. ತಿಂಗಳ ಕೊನೆಗೆ ಗಿರಾಕಿ ಎದುರಾದರೆ, “ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ?” ಎನ್ನುವಳು. ಕೇಳಿಸಿಕೊಂಡವರ ಕೈ ತಾನಾಗಿಯೇ ಕಿಸೆಗೆ ಹೋಗುತ್ತಿತ್ತು. ಮೂಡಲಗಿಯ ಮಟ್ಟಿಗೆ ಈ ಕಾಯ್ದೆ ಚೆನ್ನಾಗಿ ನಡೆದಿತ್ತು. ಬಸ್ಸು ಹತ್ತಿದ ರೊಟ್ಟಿಗೆ ಅದು ಅನ್ವಯಿಸಲಿಲ್ಲ. ದೂರದ ಗಿರಾಕಿಗಳು ಈ ಕಡೆ ಬಂದಾಗ ಕೊಡುತ್ತಿದ್ದರು, ಬಾರದಿದ್ದರೆ ಇಲ್ಲ.

ನಾಗರ ಪಂಚಮಿ ಹತ್ತಿರ ಬಂದಿತ್ತು. ಮೂವರಿಗೂ ಪಗಾರ ಕೊಟ್ಟು ತವರಿಗೆ ಕಳಿಸಬೇಕು. ಅವರಲ್ಲಿ ಕುಲಗೋಡದವಳೊಬ್ಬಳು ತಾಯಿಗೆಂದು ಒಂದು ಇಳಕಲ್ ಸೀರೆ ನೋಡಿಟ್ಟು, ಅಂಗಡಿಯವನಿಗೆ ಯಾರಿಗೂ ಕೊಡಬೇಡ ಎಂದು ಹೇಳಿ ಬಂದಿದ್ದಳು. ಅಕ್ಕನ ಕೈಲಿದ್ದದ್ದೆಲ್ಲ ಜೋಳದ ಚೀಲಗಳಾಗಿ ಮೂಲೆಯಲ್ಲಿ ಕೂತಿತ್ತು. ಆಗ ಅವಳ ಸೊಸೆ, ಈ ಸಲ ಎಲ್ಲರಿಗೂ ಮೊಬೈಲಿನಲ್ಲೇ ಬಿಲ್ಲು ಕಳಿಸೋಣ, ಅವರು ಫೋನಿನಿಂದಲೇ ದುಡ್ಡು ಹಾಕಲಿ ಎಂದಳು.

ಗೋಕಾಕದ ಕೋರ್ಟಿನಲ್ಲಿ ಗುಮಾಸ್ತನಾಗಿ ಆಯುಷ್ಯ ಸವೆಸಿದ ನನಗೆ ಒಕ್ಕಣೆ ಬರೆಯುವ ಗೌರವ ಸಂದಿತು. ಚಷ್ಮಾ ಏರಿಸಿ ಬರೆದೆ: “ತಾವು ಸೇವಿಸಿದ ರೊಟ್ಟಿಗಳ ಬಾಬತ್ತು ಸಲ್ಲಬೇಕಾದ ಮೊಬಲಗನ್ನು ಈ ಸಂದೇಶ ತಲುಪಿದ ಎರಡು ದಿನಗಳೊಳಗಾಗಿ ಸಂದಾಯ ಮಾಡತಕ್ಕದ್ದು, ತಪ್ಪಿದಲ್ಲಿ…”

“ತಪ್ಪಿದಲ್ಲಿ ಏನ ಮಾಡ್ತಿ?” ಅಕ್ಕ ಕೇಳಿದಳು. “ಹೊಟ್ಟ್ಯಾಗಿನ ರೊಟ್ಟಿ ಜಪ್ತಿ ಮಾಡ್ತಿಯೇನು?”

ನನ್ನ ಕರಡು ವಜಾ ಆಯಿತು. ಅಕ್ಕ ತಾನೇ ಹೇಳಿ ಬರೆಸಿದಳು. ಎಲ್ಲರೂ ಆರಾಮವೇ, ಮಳೆ ಹೇಗಿದೆ, ಮಕ್ಕಳು ಸಾಲಿಗೆ ಹೋಗುತ್ತಾರೆಯೇ, ಹಿರಿಯರ ಕೆಮ್ಮು ಕಡಿಮೆಯಾಯಿತೇ, ತಂಪಿನ ದಿನ, ರೊಟ್ಟಿಯ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿರಿ. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಬಿಲ್ಲಿನ ಮೊತ್ತ ಮತ್ತು ದುಡ್ಡು ಹಾಕುವ ನಂಬರು.

“ಅತ್ತಿ, ಭಾಳ ಉದ್ದ ಆತರಿ,” ಎಂದಳು ಸೊಸೆ.

“ಉದ್ದ ಆದ್ರ ಏನಾತವಾ, ಬಸ್ ಚಾರ್ಜ್ ಹತ್ತತೈತೇನು?”

ಸಂದೇಶ ಹೋಯಿತು. ನಾನೂ ಗೋಕಾಕಕ್ಕೆ ಮರಳಿದೆ. ಉತ್ತರಗಳ ಸುರಿಮಳೆಯೇ ಆಯಿತಂತೆ. ಹುಕ್ಕೇರಿಯ ಮಾಸ್ತರರು ಮನೆಮಂದಿಯೆಲ್ಲ ಆರಾಮ ಎಂದು ತಿಳಿಸಿದರು. ಗೋಕಾಕದ ಅರಿವೆ ಅಂಗಡಿಯ ಚಾಚಾ ತಮ್ಮ ಹೆಂಡತಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡದ್ದನ್ನು ಮೂರು ನಿಮಿಷದ ದನಿಮುದ್ರಿಕೆಯಲ್ಲಿ ವಿವರಿಸಿದರು. ಸಂದೇಶದ ತಳದಲ್ಲಿ ಬಿಲ್ಲಿದೆ ಎಂದು ಬಲ್ಲ ಏಕೈಕ ಗಿರಾಕಿಯಾದ ನಾನು ‘ಮೊಣಕಾಲು ಹಿಡಿದಾವು’ ಎಂದು ಬರೆದು, ದುಡ್ಡು ಊಟವಾದ ಮೇಲೆ ಹಾಕಿದರಾಯಿತು ಎಂದುಕೊಂಡು ಮರೆತೆ. ಎರಡು ದಿನದಲ್ಲಿ ಎರಡು ತಾಲೂಕುಗಳ ಆರೋಗ್ಯದ ಸಮಗ್ರ ವರದಿ ಅಕ್ಕನ ಕೈ ಸೇರಿತು. ದುಡ್ಡು ಮಾತ್ರ ಒಂದು ಪೈಸೆಯೂ ಬರಲಿಲ್ಲ.

ಮೂರನೆಯ ದಿನ ಹೋದಾಗ ಅಕ್ಕ ಸಪ್ಪಗೆ ಕೂತಿದ್ದಳು. “ಈ ಸಲದ ರೊಟ್ಟಿ ಯಾರ ಬಾಯಿಗೂ ಸೇರಿಲ್ಲೇನೋ ತಮ್ಮಾ,” ಎಂದಳು. ಬಡಿಯುತ್ತಿದ್ದ ಮೂವರೂ ಆ ದಿನ ಹಾಡು ಹೇಳುತ್ತಿರಲಿಲ್ಲ.

ಗಿರಾಕಿಗೆ ಸಂದೇಶ ಹೇಗೆ ಕಾಣುತ್ತದೆ ನೋಡೋಣವೆಂದು ಸೊಸೆ ನನ್ನ ಮೊಬೈಲು ಇಸಿದುಕೊಂಡಳು. ಕೆಮ್ಮಿನ ತನಕ ಕಾಣುತ್ತಿತ್ತು. ಉಳಿದದ್ದನ್ನು ಮೊಬೈಲು ಮಡಚಿಟ್ಟು, ‘ಇನ್ನಷ್ಟು ಓದಿ’ ಎಂದು ಬರೆದಿತ್ತು. ಇನ್ನಷ್ಟು ಓದುವ ಗೊಡವೆಗೆ ಯಾರೂ ಹೋಗಿರಲಿಲ್ಲ.

“ದುಡ್ಡಿನ ಮಾತು ಮೊದಲ ಹಾಕೂಣ್ರಿ ಅತ್ತಿ.”

“ಬಾಗಲದಾಗ ನಿಂತು ಮೊದಲ ದುಡ್ಡ ಕೇಳಾಕ ನಾವೇನ ವಸೂಲಿಯವರೇನು?”

ಕಡೆಗೆ ರಾಜಿಯಾಯಿತು. ಆರಾಮ ಕೇಳಿ ಆಗಿದೆ. ಆರಾಮ ಎಂದು ಉತ್ತರ ಕೊಟ್ಟವರಿಗೆ ಈಗ ಬಿಲ್ಲು ಬೇರೆಯಾಗಿ ಹೋಗಲಿ. ಆರಾಮ ಇಲ್ಲ ಎಂದವರಿಗೆ ಕಳಿಸಕೂಡದು. ಇದು ಅಕ್ಕನ ಕಟ್ಟಪ್ಪಣೆ.

“ಹಂಗಂದ್ರ ಮಾಮಾರಿಗೂ ಇಲ್ಲ,” ಸೊಸೆ ನನ್ನ ಉತ್ತರ ತೋರಿಸಿದಳು. “ಬಿಲ್ಲ ಬರಕೊಟ್ಟವರೂ ಇವರ, ಕೊಡಲಾರದವರೂ ಇವರ.”

“ಬಿಡವಾ, ಅಂವಗ ಮೊಣಕಾಲ ನೋವು.”

ಮೊಣಕಾಲಿಗೂ ಕಿಸೆಗೂ ಸಂಬಂಧ ಕಲ್ಪಿಸುವ ಕಲಮು ನನಗೆ ತಿಳಿದ ಯಾವ ಕಾಯ್ದೆಯಲ್ಲೂ ಇರಲಿಲ್ಲ. ಕೂತಲ್ಲೇ ದುಡ್ಡು ಹಾಕಿದೆ. ಮೊದಲ ಜಮೆ ನನ್ನದು. ಬಿಲ್ಲು ಹೋದ ಸ್ವಲ್ಪ ಹೊತ್ತಿಗೆ ಮಾಸ್ತರರದು, ಆಮೇಲೆ ಒಂದರ ಹಿಂದೆ ಒಂದು. ಒಂದೊಂದು ಬಂದಾಗಲೂ ಅಕ್ಕ ಕೇಳಿದ್ದು ಒಂದೇ: “ರೊಟ್ಟಿ ಹೆಂಗಿದ್ದೂ ಅಂತೇನರ ಬರದಾರೇನು?”

ಸಂಜೆ ಅರಿವೆ ಅಂಗಡಿಯ ಚಾಚಾ ಫೋನು ಮಾಡಿದರು. ಸೊಸೆ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

“ಅಕ್ಕಾರ, ಬಾಜೂ ಅಂಗಡಿಯವರಿಗೆ ಬಿಲ್ಲ ಬಂತಂತ. ನಮಗ್ಯಾಕ ಇಲ್ಲ? ನಮ್ಮ ರೊಟ್ಟಿ ಬಂದ್ ಮಾಡಾಕತ್ತೀರೇನು?”

“ಹಂಗಲ್ಲರಿ. ಮೊದಲ ಭಾಬಿ ಎದ್ದು ನಡದಾಡ್ಲಿ. ಆಮ್ಯಾಲ ನೋಡೂಣಂತ.”

“ಬಿಲ್ಲ ಬರಲಿಲ್ಲಂದ್ರ ಆಕಿ ಮುರಕ ಕಾಲಿನ್ಯಾಗ ಎದ್ದು ಮೂಡಲಗಿಗೆ ಬರ್ತಾಳ. ಖರೇನ ಹೇಳಾಕತ್ತೇನಿ. ಕಳಸ್ರಿ.”

ಅಕ್ಕ ಸೊಸೆಯ ಮುಖ ನೋಡಿ ತಲೆಯಾಡಿಸಿದಳು. ಬಿಲ್ಲು ಹೋಯಿತು; ದುಡ್ಡು ಬಂತು. ಮರುವಾರದ ಅವರ ಗಂಟಿನಲ್ಲಿ, ಬಿಲ್ಲಿಗೆ ಸೇರದ ಒಂದು ಡಬ್ಬಿ ಗುರೆಳ್ಳು ಚಟ್ನಿ ಇರಬೇಕೆಂದು ಆಗಲೇ ತೀರ್ಮಾನವಾಯಿತು.

ಮರುದಿನ ಸೊಸೆ ಬ್ಯಾಂಕಿನಿಂದ ನಗದು ತಂದಳು. ಮೂವರಿಗೂ ಪೂರಾ ಪಗಾರ ಸಿಕ್ಕಿತು. ಕುಲಗೋಡದವಳು ಸೀರೆ ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದಳು.