ಐದು ನಿಮಿಷದ ವಿಶ್ರಾಂತಿ

ದಣಿದ ಮಿದುಳಿಗೆ ವಿಶ್ರಾಂತಿ ಕೊಡುವುದು ಹೇಗೆಂದು ಕಾರ್ಮಿಕರಿಗೆ ತಿಳಿಸಲು ತಾರಿಹಾಳದ ಒಂದು ಕಾರ್ಖಾನೆಗೆ ಹೋಗಿದ್ದೆ. ಆ ವಾರದಲ್ಲಿ ಅದು ನನ್ನ ಒಂಬತ್ತನೆಯ ತರಬೇತಿ. ನಾನೇ ಸರಿಯಾಗಿ ನಿದ್ದೆ ಮಾಡಿ ತಿಂಗಳಾಗಿತ್ತು. ತರಬೇತಿಯಲ್ಲಿ ಅದನ್ನು ಹೇಳುವ ಪದ್ಧತಿಯಿಲ್ಲ.

ಮಿದುಳಿನ ಚಿತ್ರ ಹಾಕಿ, ಹೆದರುವ ಭಾಗ ಯಾವುದು, ಯೋಚಿಸುವ ಭಾಗ ಯಾವುದು ಎಂದು ವಿವರಿಸಿದೆ. ಆಮೇಲೆ, "ಎಲ್ಲರೂ ಕಣ್ಣು ಮುಚ್ಚಿ ಐದು ನಿಮಿಷ ಉಸಿರನ್ನಷ್ಟೇ ಗಮನಿಸ್ರಿ" ಎಂದು ಹೇಳಿ, ಕುರ್ಚಿಯಲ್ಲಿ ಕೂತು ನಾನೂ ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಕೋಣೆ ಖಾಲಿಯಾಗಿತ್ತು. ಮೇಜಿನ ಮೇಲೆ ಬಸಿ ಮುಚ್ಚಿಟ್ಟ ಒಂದು ಕಪ್ ಚಹಾ ಇತ್ತು. ಲೇತ್ ಯಂತ್ರ ನಡೆಸುವ ಹಿರಿಯರೊಬ್ಬರು ಬಾಗಿಲಲ್ಲಿ ಕಾವಲು ಕೂತಿದ್ದರು.

"ನನ್ನ ಎಬ್ಬಸೂದಲ್ಲೇನ್ರೀ ಕಾಕಾ?" ಎಂದೆ.

"ಮಕ್ಕೊಂಡವ್ರನ್ನ ಹೆಂಗ ಎಬ್ಬಸೂದ್ರೀ ಸರ? ಎಲ್ಲಾರೂ ಬೂಟು ಕೈಯಾಗ ಹಿಡಕೊಂಡು ಹೋದ್ರು. ಒಂದೂವರಿ ತಾಸಾತು. ನಿಮ್ಮ ಮಾರಿ ಈಗ ಛಲೋ ಕಾಣಾಕತ್ತೈತ್ರಿ."

ಅಭಿಪ್ರಾಯದ ಹಾಳೆಗಳನ್ನೂ ತುಂಬಿಟ್ಟು ಹೋಗಿದ್ದರು. ಯಾವ ಭಾಗ ಹೆಚ್ಚು ಉಪಯೋಗವಾಯಿತು ಎಂಬ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ: "ಸರ್ ಖುದ್ದ ಮಾಡಿ ತೋರಿಸಿದ್ದು."

ಕಾರ್ಖಾನೆಯವರು ಮತ್ತೆ ಕರೆದಿದ್ದಾರೆ. ಈ ಸಲ ಮಿದುಳಿನ ಚಿತ್ರ ಬೇಡವಂತೆ.