ಕಲ್ಲಿನಂಚಿನ ಜೋಳದ ಕಣ

ಶಿಲಾಯುಗದ ಉಪಕರಣಗಳ ಆಕಾರವನ್ನು ಅಳೆದು ವರ್ಗೀಕರಿಸಿದವರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ಆದರೆ ಅವುಗಳ ಅಂಚಿಗೆ ಅಂಟಿ ಉಳಿದ ಪಿಷ್ಟ, ನಾರು, ಕೊಬ್ಬುಗಳ ಕಣಗಳನ್ನು ಸೂಕ್ಷ್ಮದರ್ಶಕದಡಿ ಹುಡುಕಿ, ಆದಿಮಾನವನು ಇದರಿಂದ ಏನನ್ನು ಕೊಯ್ದನು ಎಂದು ಕೇಳಿದವರು ವಿರಳ. ಆ ವಿರಳರಲ್ಲೊಬ್ಬರಾದ ಡಾ. ಖುರ್ಷಿದ ಬೇಗಂ ಅವರು ಮೂವತ್ತೊಂದು ವರ್ಷಗಳ ಅಧ್ಯಾಪನದ ಬಳಿಕ ನಿವೃತ್ತರಾಗುತ್ತಿದ್ದಾರೆ.

ನಿಂಬರ್ಗಾದ ಕಿರಾಣಿ ವ್ಯಾಪಾರಿ ಲಾಡ್ಲೆಸಾಬರ ಹಿರಿಯ ಮಗಳಾಗಿ ಹುಟ್ಟಿ, ಆಳಂದದಲ್ಲಿ ಓದಿ, ಜೇವರ್ಗಿಯ ಕಾಲೇಜಿಗೆ ಅಧ್ಯಾಪಕಿಯಾಗಿ ಸೇರಿದ ಅವರಿಗೆ ಹನ್ನೆರಡು ವರ್ಷಗಳ ಹಿಂದೆ, ಯಡ್ರಾಮಿ ಬಳಿಯ ಹಳ್ಳದ ದಂಡೆಯ ಉತ್ಖನನದಲ್ಲಿ ಒಂದು ಕಲ್ಲಿನ ಅಲಗು ಸಿಕ್ಕಿತು. ಅದು ಎಂಟು ಸಾವಿರ ವರ್ಷ ಹಳೆಯ ಪದರದ್ದು. ಅದರ ಮೇಲಿದ್ದುದೋ ಜೋಳದ ಪಿಷ್ಟ. ಜೋಳ ಈ ನೆಲಕ್ಕೆ ಬಂದದ್ದು ಎಷ್ಟೋ ಈಚೆಗೆ ಎಂಬುದು ವಿದ್ವಾಂಸರ ಮತ. ಆ ಮತವನ್ನೇ ಬುಡಮೇಲು ಮಾಡುವ ಖುರ್ಷಿದ ಅವರ ಲೇಖನ ಪ್ರಕಟಣೆಗೆ ಒಪ್ಪಿತವಾಯಿತು. ಪ್ರಾಧ್ಯಾಪಕ ಹುದ್ದೆಯೂ ಕೈಗೆಟುಕುವಂತಾಯಿತು.

ನೆಲ ಅಗೆದ ಕೂಲಿಯವರಿಗೂ ತಾವು ಕಂಡದ್ದನ್ನು ತೋರಿಸುವುದು ಖುರ್ಷಿದ ಅವರ ರೂಢಿ. ಆ ಉತ್ಖನನದಲ್ಲಿ ಕೂಲಿಗಿದ್ದ ಅಫಜಲಪುರದ ರೇವಮ್ಮ ಪ್ರಯೋಗಾಲಯಕ್ಕೆ ಬಂದು, ಸೂಕ್ಷ್ಮದರ್ಶಕದಲ್ಲಿ ಇಣುಕಿ, ಅಳುಕುತ್ತ ಹೇಳಿದಳು:

"ಅಕ್ಕೋರೆ, ಈ ಕಲ್ಲು ನಾನೇ ಎತ್ತಿದ್ದರಿ. ಆಗಷ್ಟೇ ಬುತ್ತಿ ಉಂಡು ಎದ್ದಿದ್ದೆ. ರೊಟ್ಟಿಮ್ಯಾಲಿನ ಒಣಹಿಟ್ಟು ಕೈಗಿತ್ತರಿ."

ಖುರ್ಷಿದ ಅವರು ರೇವಮ್ಮನ ಮನೆಯ ಹಿಟ್ಟನ್ನೇ ತರಿಸಿ ಹೋಲಿಸಿದರು. ಕಣಗಳು ಅವೇ, ಅಂಚಿನಲ್ಲಷ್ಟೇ ಅಲ್ಲ, ಬೆರಳು ತಗುಲಿರಬಹುದಾದ ಅಲಗಿನ ಬೆನ್ನಿನ ಮೇಲೂ ಇದ್ದವು. ಲೇಖನವನ್ನು ಹಿಂಪಡೆಯಲು ಹೊರಟಾಗ ಸಹೋದ್ಯೋಗಿ ದತ್ತಪ್ಪನವರು ಮರುಗಿ, "ಯಾರಿಗೆ ಗೊತ್ತಾಗ್ತದರಿ ಮೇಡಂ? ಸುಮ್ಮನಿರ್ರಿ" ಎಂದರು.

"ರೇವಮ್ಮಗ ಗೊತ್ತದಲ್ಲರಿ ಸರ್. ನಾಳೆ ಆಕಿ ಮಾರಿ ಹೆಂಗ ನೋಡ್ಲಿ?"

ಹುದ್ದೆ ಐದು ವರ್ಷ ದೂರ ಸರಿಯಿತು. ತನ್ನಿಂದಲೇ ಎಲ್ಲ ಕೆಟ್ಟಿತೆಂದು ಕೆಲಸ ಬಿಟ್ಟು ಕುಳಿತ ರೇವಮ್ಮನ ಮನೆಗೆ ಅವರೇ ಬಸ್ಸು ಹಿಡಿದು ಹೋದರು. "ತಪ್ಪು ನಿಂದಲ್ಲವ್ವ. ಕೈಗವಸು ಕೊಡದಿದ್ದಾಕಿ ನಾ. ನಾಳಿಂದ ಕಲ್ಲು ಎತ್ತೋ ಕೆಲಸಕ್ಕ ನೀನೇ ಮೇಸ್ತ್ರಿ" ಎಂದು ಕರೆತಂದರು.

ಅಂದಿನಿಂದ ಕಲ್ಲನ್ನು ಯಾರೂ ಬರಿಗೈಯಲ್ಲಿ ಮುಟ್ಟಲಿಲ್ಲ, ತೊಳೆಯಲೂ ಇಲ್ಲ. ಸುತ್ತಲಿನ ಮಣ್ಣನ್ನೂ ಬೇರೆಯಾಗಿ ಪರೀಕ್ಷಿಸಿದರು. ನಾಲ್ಕನೆಯ ವರ್ಷ, ರೇವಮ್ಮ ಎತ್ತಿಕೊಟ್ಟ ಇನ್ನೊಂದು ಅಲಗಿನ ಅಂಚಿನಲ್ಲಿ ಕಾಡುಗೆಡ್ಡೆಯ ಪಿಷ್ಟ ಕಂಡಿತು. ಸುತ್ತಲಿನ ಮಣ್ಣಿನಲ್ಲಿ ಅದರ ಸುಳಿವೂ ಇರಲಿಲ್ಲ; ಅಂದರೆ ಅದು ಮಣ್ಣಿನಿಂದ ಅಂಟಿದ್ದಲ್ಲ, ಅಂದು ಕೊಯ್ದಾಗ ಅಂಟಿದ್ದು. ಜೋಳದಷ್ಟು ಸದ್ದು ಮಾಡುವ ಸಂಗತಿ ಅದಲ್ಲ, ಆದರೆ ನಿಜ. ಆ ಲೇಖನದಲ್ಲಿ ಖುರ್ಷಿದ ಅವರ ಹೆಸರಿನ ಪಕ್ಕದಲ್ಲೇ ರೇವಮ್ಮನ ಹೆಸರೂ ಅಚ್ಚಾಯಿತು.

ಮಾದನಹಿಪ್ಪರಗಾದ ಹೊಲದಲ್ಲಿ ಸಿಕ್ಕ ಇಪ್ಪತ್ತಾರು ಕಲ್ಲುಗಳು ಮಣ್ಣಿನ ಸಮೇತ ಪೊಟ್ಟಣಗಳಲ್ಲಿ ಅವರಿಗಾಗಿ ಕಾದಿವೆ. ಅವರಿಗೆ ಆಯುರಾರೋಗ್ಯವೂ ಕಣ್ಣಿನ ಬೆಳಕೂ ಬಹುಕಾಲ ಒದಗಿಬರಲಿ. ಆ ಪೊಟ್ಟಣಗಳೆಲ್ಲ ಒಂದೊಂದಾಗಿ, ಅವಸರವಿಲ್ಲದೆ, ಅವರ ಕೈಯಲ್ಲೇ ಬಿಚ್ಚಿಕೊಳ್ಳಲಿ.